ನಕ್ಕವನ ಪ್ರೊಬೇಶನ್

ನಾನು ಕೆಲಸಕ್ಕೆ ಸೇರಿದ ದಿನ ನನಗೆ ಯಾರೂ ನೇಮಕಾತಿ ಪತ್ರ ಕೊಡಲಿಲ್ಲ. ಒಂದು ಪ್ಲೇಟು ಗಿರಮಿಟ್ ಕೊಟ್ಟರು.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿದ್ದ ಆ ಕಾರ್ಖಾನೆಯಲ್ಲಿ ಹೊಲಕ್ಕೆ ನೀರೆತ್ತುವ ಪಂಪುಗಳು ತಯಾರಾಗುತ್ತಿದ್ದವು. ಮಾಲಕರು ಈರಪ್ಪ ಸಾವಕಾರ್ರು. ಮನೆತನದ್ದು ಹತ್ತಿ ಮತ್ತು ಕಾಳುಕಡಿಯ ವ್ಯಾಪಾರ. ಇವರೊಬ್ಬರು ಮಾತ್ರ ಕಬ್ಬಿಣಕ್ಕೆ ಮನಸೋತು ಕಾರ್ಖಾನೆ ತೆಗೆದಿದ್ದರು. ಸಂದರ್ಶನದಲ್ಲಿ ಅವರು ನನ್ನನ್ನು ಹೆಚ್ಚೇನೂ ಕೇಳಲಿಲ್ಲ.

"ಕಾಯ್ದೆ ಓದೀರೇನ್ರಿ?"

"ಓದೇನ್ರಿ."

"ಸಿಟ್ಟು ಭಾಳ ಬರತೈತೇನ್ರಿ ನಿಮಗ?"

"ಇಲ್ರಿ."

"ಹಂಗಾರ ನಾಳಿಂದ ಬರ್ರಿ. ಸಿಟ್ಟು ನನ್ನ ಕಡೆ ಐತಿ. ಕಾಯ್ದೆ ನಿಮ್ಮ ಕಡೆ ಇರಲಿ."

ಅಷ್ಟು ಹೇಳಿ ಗಿರಮಿಟ್ ತರಿಸಿದರು. ತಿಂದು ಮನೆಗೆ ಬಂದೆ. ಮರುದಿನದಿಂದ ಹಿಡಿದು ನಿವೃತ್ತಿಯಾಗುವವರೆಗೆ ನಾನು ಅಲ್ಲಿಯ ಸಿಬ್ಬಂದಿ ಅಧಿಕಾರಿ. ಈಗ ಆ ಕೆಲಸಕ್ಕೆ ಎಚ್.ಆರ್. ಎಂಬ ಚಂದದ ಹೆಸರಿದೆ. ಆಗ ಕಾರ್ಮಿಕರು ನನ್ನನ್ನು 'ಲೇಬರ್ ಮೇಡಂ' ಎಂದೇ ಕರೆಯುತ್ತಿದ್ದರು. ಇದನ್ನು ಕೇಳಿಸಿಕೊಂಡ ನಮ್ಮ ಓಣಿಯ ಹೆಂಗಸರು ನಾನು ಹೆರಿಗೆ ಆಸ್ಪತ್ರೆಯಲ್ಲಿದ್ದೇನೆ ಎಂದು ಬಹಳ ದಿನ ನಂಬಿದ್ದರು. ಒಬ್ಬಾಕೆ ತನ್ನ ಸೊಸೆಯನ್ನು ಕರೆದುಕೊಂಡು ಬಂದು, "ದಿನಾ ತುಂಬ್ಯಾವ, ಒಂಚೂರು ನೋಡ್ರಿ" ಅಂದಾಗಲೇ ನನಗೆ ವಿಷಯ ತಿಳಿದದ್ದು.

ನಿವೃತ್ತಳಾದ ಮೇಲೆ ವಿದ್ಯಾನಗರದ ನಮ್ಮ ಮನೆಗೆ ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಬರುತ್ತಾರೆ. ಚಹಾ ಮುಗಿಯುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ಪ್ರೊಬೇಶನ್‌ನಲ್ಲಿ ಇರುವವರನ್ನು ಯಾವಾಗ ಬೇಕಾದರೂ ತೆಗೆಯಬಹುದಲ್ಲವೇ ಮೇಡಂ?" ಒಂದೇ ಮಾತಿನಲ್ಲಿ ಉತ್ತರ ಕೊಟ್ಟರೆ ಅವರಿಗೆ ಸಮಾಧಾನವಾಗುವುದಿಲ್ಲ, ನನಗೂ ಆಗುವುದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ನೇಮಕಾತಿ ಪತ್ರದ ಸುದ್ದಿ. ನಾನು ಸೇರಿದ ಹೊಸದರಲ್ಲಿ, ಎಲ್ಲರಿಗೂ ಬರಹದಲ್ಲಿ ಪತ್ರ ಕೊಡಬೇಕು ಎಂದು ಸಾವಕಾರ್ರ ಬೆನ್ನು ಹತ್ತಿದೆ. ಅವರು ಮುಂಬೈಯ ಗೆಳೆಯರೊಬ್ಬರ ಕಡೆಯಿಂದ ಒಂದು ನಮೂನೆ ತರಿಸಿದರು. ನಾನು ರಜೆಯಲ್ಲಿದ್ದಾಗ ಅದನ್ನು ಹಾಗೆಯೇ ಟೈಪು ಮಾಡಿಸಿ, ಹೆಸರು ತುಂಬಿ ಹಂಚಿಯೂ ಬಿಟ್ಟರು. ಆ ಗೆಳೆಯರದು ಹಡಗು ರಿಪೇರಿಯ ವ್ಯವಹಾರವೆಂಬುದು ಯಾರ ತಲೆಗೂ ಹೊಳೆಯಲಿಲ್ಲ. ರಜೆ ಮುಗಿಸಿ ಬಂದ ದಿನ ಫಕ್ಕೀರಪ್ಪ ನನ್ನ ಮೇಜಿನ ಮುಂದೆ ನಿಂತಿದ್ದ. ಆಗ ಅವನು ಪಂಪುಗಳನ್ನು ಪರೀಕ್ಷಿಸುವ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಕೆಲಸಗಾರ. ಮುಂದೆ ಅದೇ ವಿಭಾಗದ ಫೋರ್‌ಮನ್ ಆದ.

"ಮೇಡಂರ, ನನಗ ಈಜು ಬರಂಗಿಲ್ಲ. ಈ ಕೆಲಸಕ್ಕ ನಡೀತೈತೇನ್ರಿ?"

"ಪಂಪ್ ಟೆಸ್ಟ್ ಮಾಡ್ಲಿಕ್ಕೆ ಈಜು ಯಾಕ ಬೇಕೋ?"

ಅವನು ಪತ್ರ ಮುಂದೆ ಹಿಡಿದ. ಕೆಲಸಗಾರನು ಸಮುದ್ರದ ಮೇಲಿದ್ದಾಗ ಕಪ್ತಾನನ ಆಜ್ಞೆಗೆ ಒಳಪಟ್ಟಿರತಕ್ಕದ್ದು ಎಂಬ ಷರತ್ತು ಅದರಲ್ಲಿತ್ತು. ಉಳಿದವರೆಲ್ಲ ಆಗಲೇ ಸಹಿ ಹಾಕಿ ಕೊಟ್ಟಿದ್ದರು. ಹುಬ್ಬಳ್ಳಿಯಿಂದ ಸಮುದ್ರಕ್ಕೆ ಎಷ್ಟು ದೂರ ಎಂದು ಒಬ್ಬರೂ ವಿಚಾರ ಮಾಡಿರಲಿಲ್ಲ. ನಾನು ಎಲ್ಲ ಪತ್ರಗಳನ್ನೂ ಹಿಂದಕ್ಕೆ ತರಿಸಿ ಸಮುದ್ರವನ್ನು ಹೊಡೆದು ಹಾಕಿದೆ. ಅದರ ಜೊತೆಗೇ 'ಯಾವ ಕಾರಣಕ್ಕೂ ಯಾವ ಹಕ್ಕನ್ನೂ ಕೇಳುವುದಿಲ್ಲ' ಎಂಬ ಇನ್ನೊಂದು ಸಾಲೂ ಹೋಯಿತು. ಕಾಯ್ದೆ ಕೊಟ್ಟ ಹಕ್ಕನ್ನು ಕೆಲಸಗಾರ ಸಹಿ ಹಾಕಿ ಬಿಟ್ಟುಕೊಡುತ್ತೇನೆಂದರೂ ಅದು ಬಿಟ್ಟು ಹೋಗುವುದಿಲ್ಲ. ಇದು ಸಾವಕಾರ್ರಿಗೆ ಆಶ್ಚರ್ಯದ ಸಂಗತಿಯಾಗಿತ್ತು. "ಸಹಿ ಮಾಡ್ಯಾನಲ್ರಿ?" ಅಂದರು. "ಸಮುದ್ರಕ್ಕೂ ಸಹಿ ಮಾಡ್ಯಾರ್ರಿ" ಅಂದೆ.

ಪ್ರೊಬೇಶನ್ ಬಗ್ಗೆ ಸಾವಕಾರ್ರಿಗೆ ತಮ್ಮದೇ ಸಿದ್ಧಾಂತವಿತ್ತು. "ಕಲ್ಲಂಗಡಿ ಹಣ್ಣು ಬಡದು ನೋಡಿ ತಗೋತೇವಲ್ರಿ, ಹಂಗ" ಅನ್ನುತ್ತಿದ್ದರು. "ಬಡದು ನೋಡ್ರಿ, ಬ್ಯಾಡ ಅನ್ನೂದಿಲ್ಲ. ಒಡದು ನೋಡಿ ವಾಪಸ್ ಕೊಡೂಹಂಗಿಲ್ಲ" ಎಂದು ನಾನು ಹೇಳುತ್ತಿದ್ದೆ. ಆದರೆ ಅವರಿಗೆ ಬಡಿಯುವುದರಲ್ಲೇ ಬಹಳ ಉಮೇದು. ಒಬ್ಬರ ಪ್ರೊಬೇಶನ್ ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಮುಂದುವರಿಸುವುದು, ಅದು ಮುಗಿದರೆ ಮತ್ತೆ ಮುಂದುವರಿಸುವುದು.

ಆ ರೂಢಿಗೆ ತಡೆ ಹಾಕಿದವಳು ಪ್ಯಾಕಿಂಗ್ ವಿಭಾಗದ ಗಂಗವ್ವ. ಅವಳ ಬಾಯಿಗೆ ಇಡೀ ಕಾರ್ಖಾನೆ ಅಂಜುತ್ತಿತ್ತು. ಅವಳು ಮಾತಾಡತೊಡಗಿದರೆ ಪೆಟ್ಟಿಗೆಯ ಮೊಳೆ ತಾನಾಗಿಯೇ ಒಳಗೆ ಹೋಗುತ್ತದೆ ಎಂದು ಅವಳ ಜೊತೆಯವರೇ ಅನ್ನುತ್ತಿದ್ದರು. ಒಂದು ದಿನ ನೆಟ್ಟಗೆ ಸಾವಕಾರ್ರ ಕೋಣೆಗೆ ಹೋಗಿ ನಿಂತಳು.

"ಸಾವಕಾರ್ರ, ನಾ ಕೆಲಸಕ್ಕ ಬಂದಾಗ ನನ್ನ ಮಗ ಒಂದನೇತ್ತೇಕ ಹೆಸರು ಹಚ್ಚಿದ್ದ. ಅಂವ ಈಗ ಮೂರನೇತ್ತೇಕ ಹೋದ. ನಾ ಇನ್ನೂ ಒಂದನೇತ್ತೇದಾಗ ಅದೇನ್ರಿ. ನಾ ಏನ ನಾಪಾಸಾಗೇನಿ, ಅದನ್ನರ ಹೇಳ್ರಿ."

ಸಾವಕಾರ್ರು ನನ್ನ ಮುಖ ನೋಡಿದರು. ಅವಳ ಕೆಲಸದಲ್ಲಿ ಏನು ಕೊರತೆ ಎಂದು ಹೇಳದೆ ಪ್ರೊಬೇಶನ್ ಹಿಗ್ಗಿಸುತ್ತ ಹೋಗುವುದು ನ್ಯಾಯವಲ್ಲ, ಲೇಬರ್ ಆಫೀಸಿನವರು ಕೇಳಿದರೆ ನಮ್ಮ ಹತ್ತಿರ ಉತ್ತರವೂ ಇಲ್ಲ ಎಂದೆ. ಕೊರತೆ ಹುಡುಕಲು ಅವರು ಸ್ವಲ್ಪ ಹೊತ್ತು ಪ್ರಯತ್ನ ಪಟ್ಟರು. "ಮಾತು ಜಾಸ್ತಿ" ಅನ್ನುವುದನ್ನು ಬಿಟ್ಟರೆ ಏನೂ ಸಿಗಲಿಲ್ಲ. ಗಂಗವ್ವ ಅಂದೇ ಕಾಯಂ ಆದಳು.

ಇನ್ನು ಇಮ್ತಿಯಾಜನ ಪ್ರಕರಣಕ್ಕೆ ಬರುತ್ತೇನೆ.

ಇಮ್ತಿಯಾಜ್ ಹಳೇ ಹುಬ್ಬಳ್ಳಿಯ ಹುಡುಗ. ತಂದೆ ಮೋಟಾರು ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದರು. ಫಕ್ಕೀರಪ್ಪನ ವಿಭಾಗದಲ್ಲಿ ಅವನಿಗೆ ಒಂದು ವರ್ಷದ ಪ್ರೊಬೇಶನ್. ಅರ್ಧಕ್ಕಿಂತ ಹೆಚ್ಚು ಕಳೆದಿತ್ತು. ತಿಂಗಳಿಗೊಮ್ಮೆ ಫಕ್ಕೀರಪ್ಪ ಅವನ ಬಗ್ಗೆ ವರದಿ ಬರೆಯಬೇಕಿತ್ತು. ಫಕ್ಕೀರಪ್ಪ ಮಾತಿನಲ್ಲೂ ಬರಹದಲ್ಲೂ ಜಿಪುಣ. ಪ್ರತಿ ವರದಿಯಲ್ಲೂ ಒಂದೇ ಶಬ್ದ: 'ಛಲೋ'.

ಆ ಸಲ ಹೊಸ ನಮೂನೆಯ ಪಂಪೊಂದು ತಯಾರಾಗಿತ್ತು. ಸಾವಕಾರ್ರು ಸುತ್ತಲಿನ ಜಿಲ್ಲೆಗಳ ವ್ಯಾಪಾರಿಗಳನ್ನು ಕರೆಸಿದರು. ಕಾರ್ಖಾನೆಯ ಅಂಗಳದಲ್ಲಿ ಪೆಂಡಾಲು, ಪಂಪಿಗೆ ಹೂವಿನ ಹಾರ. ಸಾವಕಾರ್ರು ಇಸ್ತ್ರಿ ಮಾಡಿದ ಧೋತರ ಉಟ್ಟು, ತಲೆಗೆ ಜರಿಯ ರುಮಾಲು ಸುತ್ತಿ, ಪಂಪಿನ ಗುಣಗಾನ ಮಾಡಿ ತಾವೇ ಗುಂಡಿ ಒತ್ತಿದರು. ಪೈಪಿನ ಜೋಡಣೆ ಕಳಚಿತು. ನೀರು ಬಾವಿಯಿಂದ ಹೊಲಕ್ಕೆ ಹೋಗುವ ರಭಸದಲ್ಲಿ ಹೊರಬಂದು ಸಾವಕಾರ್ರ ಮುಖಕ್ಕೆ ಹೊಡೆಯಿತು. ರುಮಾಲು ಮೇಲಕ್ಕೆ ಹಾರಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿ, ನೇರವಾಗಿ ಬಂದು ಪಂಪಿನ ಮೇಲೆ ಕೂತಿತು. ಹಾರ ಮೊದಲೇ ಇತ್ತು. ಪಂಪಿಗೇ ಸನ್ಮಾನ ಮಾಡಿದ ಹಾಗೆ ಕಾಣುತ್ತಿತ್ತು.

ಎಲ್ಲರಿಗೂ ನಗು ಬಂತು. ವ್ಯಾಪಾರಿಗಳು ಕೆಮ್ಮಿದ ಹಾಗೆ ಮಾಡಿದರು. ಕೆಲಸಗಾರರು ನೆಲ ನೋಡಿದರು. ಇಮ್ತಿಯಾಜನಿಗೆ ಮಾತ್ರ ತಡೆಯಲಾಗಲಿಲ್ಲ. ಅವನ ನಗುವಿನ ಕೀಲೂ ಪೈಪಿನ ಹಾಗೇ ಕಳಚಿತ್ತು ಎಂದು ಕಾಣುತ್ತದೆ. ಉಳಿದವರೆಲ್ಲ ಸುಮ್ಮನಾದ ಮೇಲೂ ಅವನ ದನಿ ಇಡೀ ಅಂಗಳಕ್ಕೆ ಕೇಳುತ್ತಿತ್ತು.

ವ್ಯಾಪಾರಿಗಳು ಹೋದ ಮೇಲೆ ಸಾವಕಾರ್ರು ನನ್ನನ್ನು ಕರೆಸಿದರು. ಬೇರೆ ಧೋತರ ಉಟ್ಟಿದ್ದರು. ತಲೆ ಇನ್ನೂ ಒದ್ದೆಯಿತ್ತು.

"ಅವನ್ನ ತಗದ ಹಾಕ್ರಿ."

"ಯಾಕ್ರಿ?"

"ಪ್ರೊಬೇಶನ್ನಾಗ ಅದಾನಲ್ಲ. ಯಾಕ ಅಂತ ಹೇಳೂದೇನು ಬಂತು?"

"ಹಂಗಲ್ರಿ. ಕೆಲಸ ನೋಡಿ, ತೃಪ್ತಿ ಆಗಲಿಲ್ಲ ಅಂದ್ರ ಬಿಡುಗಡೆ ಮಾಡ್ಲಿಕ್ಕೆ ಬರ್ತದ. ಇವನ ಕೆಲಸ ತೃಪ್ತಿ ಇಲ್ಲೇನ್ರಿ?"

"ಕೆಲಸ ಛಲೋ ಮಾಡ್ತಾನ."

"ಹಂಗಾರ ಏನಂತ ಬರೀಲಿ?"

"ಖರೇ ಏನೈತಿ ಅದನ್ನ ಬರೀರಿ. ಮಾಲಕರನ್ನ ನೋಡಿ ನಕ್ಕಾನ ಅಂತ. ಸುಳ್ಳು ಬರದು ನನಗ ರೂಢಿ ಇಲ್ಲ."

ಅವರ ದೊಡ್ಡ ಗುಣವೇ ಅದು, ನನಗೆ ತೊಂದರೆ ಕೊಡುತ್ತಿದ್ದ ಗುಣವೂ ಅದೇ. ಬೇರೆ ಮಾಲಕರಾಗಿದ್ದರೆ 'ಕೆಲಸ ತೃಪ್ತಿಕರವಾಗಿಲ್ಲ' ಎಂದು ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದರು. ಹಾಗೆ ಹಾಕಿದ ಸಹಿಗಳು ಮುಂದೆ ಕೋರ್ಟಿನಲ್ಲಿ ಬಿಚ್ಚಿಕೊಂಡದ್ದನ್ನೂ ಕೇಳಿದ್ದೇನೆ, ಏಕೆಂದರೆ ನ್ಯಾಯಾಧೀಶರು ಪತ್ರದ ಸಾಲಿಗಿಂತ ಅದರ ಹಿಂದಿನ ಕಾರಣ ಏನೆಂದು ನೋಡುತ್ತಾರೆ.

"ನಕ್ಕಾನ ಅಂತ ಬರದ್ರ ಅದು ಆರೋಪ ಆಗ್ತದ್ರಿ" ಎಂದೆ. "ಆರೋಪ ಹೊರಸಿ ಹೊರಗ ಹಾಕಬೇಕಂದ್ರ ಆರೋಪಪತ್ರ ಕೊಡಬೇಕು. ಅವನ ಮಾತು ಕೇಳಬೇಕು. ವಿಚಾರಣೆ ಆಗಬೇಕು."

"ಪ್ರೊಬೇಶನ್ನಾಗ ಇದ್ದಾಂವಗೂ?"

"ಅವಗೂ. ಕೆಟ್ಟ ಹೆಸರು ಹಚ್ಚಿ ಕಳಿಸೂದಾದ್ರ ಯಾರಿಗೇ ಆಗಲಿ ಕೇಳಬೇಕು."

"ನಕ್ಕದ್ದಕ್ಕ ವಿಚಾರಣಿ?"

"ನಕ್ಕದ್ದಕ್ಕ ಕೆಲಸ ತಗೀತೇನಿ ಅಂದವ್ರು ನೀವರಿ. ಕರದು ನಾಕ ಮಾತು ಬೈದು ಬಿಟ್ಟಬಿಡ್ರಿ. ಮುಗೀತದ."

ಸಾವಕಾರ್ರು ಒದ್ದೆ ತಲೆಯನ್ನು ಒರೆಸಿಕೊಂಡರು. "ಮಂದಿ ಮುಂದ ಮರ್ಯಾದಿ ಹೋಗೈತಿ. ನಡೀಲಿ ವಿಚಾರಣಿ."

ಆರೋಪಪತ್ರ ಬರೆಯಲು ಕೂತೆ. ಕಾರ್ಖಾನೆಯಲ್ಲಿ ಮಾಲಕರೂ ಕೆಲಸಗಾರರೂ ಪಾಲಿಸಬೇಕಾದ ನಿಯಮಗಳಿಗೆ ಸ್ಥಾಯಿ ಆದೇಶಗಳು ಅನ್ನುತ್ತಾರೆ. ದುರ್ನಡತೆ ಯಾವುದು ಎನ್ನುವುದು ಅದರಲ್ಲಿ ಇರುತ್ತದೆ. ಕಳವು ಇತ್ತು, ಕುಡಿತ ಇತ್ತು, ಹೊಡೆದಾಟ ಇತ್ತು, ಕೆಲಸದ ಹೊತ್ತಿನಲ್ಲಿ ನಿದ್ದೆ ಹೊಡೆಯುವುದೂ ಇತ್ತು. ನಗು ಎಲ್ಲಿಯೂ ಇರಲಿಲ್ಲ. ಕೊನೆಗೆ 'ಶಿಸ್ತಿಗೆ ಭಂಗ ತರುವ ವರ್ತನೆ' ಎಂಬ ಗೂಟಕ್ಕೆ ಅದನ್ನು ತಂದು ಕಟ್ಟಿದೆ.

ಇಮ್ತಿಯಾಜ್ ಪತ್ರ ತೆಗೆದುಕೊಂಡು ಎರಡು ಸಲ ಓದಿದ. ಮುಖ ಸಣ್ಣದಾಗಿತ್ತು.

"ಮೇಡಂರ, ಇದಕ್ಕ ಏನಂತ ಉತ್ತರ ಬರೀಲ್ರಿ? ನಕ್ಕದ್ದಂತೂ ಖರೇ ಐತಿ."

"ಖರೇ ಇದ್ದರ ಖರೇನ ಬರಿ."

ವಿಚಾರಣೆ ಮುಗಿಯುವವರೆಗೆ ಅವನನ್ನು ಅಮಾನತಿನಲ್ಲಿ ಇಡಲಾಗಿತ್ತು. ಅಮಾನತಿನ ದಿನಗಳಲ್ಲಿ ಜೀವನಕ್ಕೆ ಭತ್ಯೆ ಸಿಗುತ್ತದೆ, ಜೊತೆಯ ಕೆಲಸಗಾರರಲ್ಲಿ ಒಬ್ಬರನ್ನು ತನ್ನ ಪರವಾಗಿ ಮಾತಾಡಲು ಕರೆತರಬಹುದು, ಸಾಕ್ಷಿಗಳನ್ನು ಪ್ರಶ್ನೆ ಮಾಡಬಹುದು ಎಂದು ವಿವರಿಸಿದೆ. ಕಂಪನಿಯ ಪರವಾಗಿ ಪ್ರಕರಣ ಮಂಡಿಸಬೇಕಾದವಳೂ ನಾನೇ. ಎದುರು ಪಕ್ಷದವನಿಗೆ ಅವನ ಹಕ್ಕು ತಿಳಿಸುವುದು ವಿಚಿತ್ರ ಎಂದು ಹೊಸಬರಿಗೆ ಅನ್ನಿಸೀತು. ಆದರೆ ಸಿಬ್ಬಂದಿ ಅಧಿಕಾರಿಯ ಕೆಲಸ ಅದೇ. ಹಕ್ಕು ಗೊತ್ತಿಲ್ಲದವನ ಮೇಲೆ ನಡೆಸಿದ ವಿಚಾರಣೆ ಕಂಪನಿಗೂ ಉಪಯೋಗಕ್ಕೆ ಬರುವುದಿಲ್ಲ.

ಅವನು ಎಲ್ಲ ಕೇಳಿದ. ಆಮೇಲೆ ಮೆಲ್ಲಗೆ ಹೇಳಿದ, "ಧಾರವಾಡದ ಕೆಲಗೇರಿಯೊಳಗ ನನಗ ಹೆಣ್ಣು ಗೊತ್ತಾಗೇತ್ರಿ. ಕಂಪನಿ ಕೆಲಸ ಐತಿ ಅಂತನ ಒಪ್ಯಾರ."

ಅವನ ಉತ್ತರ ಮರುದಿನ ಬಂತು. 'ನಕ್ಕಿದ್ದು ಖರೆ. ಅಪಮಾನ ಮಾಡಬೇಕೆಂದು ನಕ್ಕಿಲ್ಲ. ನಗು ಬಂತು.' ಅಷ್ಟೇ. ಫಕ್ಕೀರಪ್ಪನ ಕೈಕೆಳಗೆ ಕೆಲಸ ಕಲಿತವನು ಎಂದು ನೋಡಿದರೆ ತಿಳಿಯುತ್ತಿತ್ತು.

ವಿಚಾರಣೆಗೆ ಮೊದಲು ಒಂದು ಮಧ್ಯಾಹ್ನ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಹಿರಿಯರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು.

"ನಾನು ಹಜರತಸಾಬ ಅಂತರಿ, ಕೆಲಗೇರಿಯಿಂದ ಬಂದೇನಿ. ಗಾದಿ ಹೊಲಿಯೂ ಕೆಲಸ ನಂದು. ಇಮ್ತಿಯಾಜಗ ನನ್ನ ಮಗಳ್ನ ಕೊಡಾಕ ಮಾತಾಗೇತ್ರಿ. ಈಗ ಮಂದಿ ಒಂದೊಂದು ನಮೂನಿ ಅನ್ನಾಕತ್ತಾರ. ಕಳವು ಮಾಡ್ಯಾನ ಅಂತ ಒಬ್ಬಾಂವ ಅಂತಾನ. ಯಾರಿಗೋ ಹೊಡದಾನ ಅಂತ ಇನ್ನೊಬ್ಬಾಂವ. ಹುಡುಗನ್ನ ಕೇಳಿದ್ರ ತಲಿ ಕೆಳಗ ಹಾಕ್ತಾನ. ನೀವರ ಹೇಳ್ರಿ, ಏನ ಮಾಡ್ಯಾನ?"

ಕೆಲಸಗಾರನ ಮೇಲಿನ ಆರೋಪವನ್ನು ಹೊರಗಿನವರಿಗೆ ಹೇಳುವಂತಿಲ್ಲ. ಹೇಳದೆ ಕಳಿಸಿದರೆ ಅವರು ಕಳವು ಎಂದೇ ತಿಳಿದು ಹೋಗುತ್ತಾರೆ. ಅವರಿಗೆ ಚಹಾ ತರಿಸಿ, ನಾನು ಹೊರಗೆ ಹೋಗಿ ಇಮ್ತಿಯಾಜನಿಗೆ ಫೋನು ಮಾಡಿದೆ.

"ನಿನ್ನ ಮಾವ ಆಗೋರು ಬಂದಾರ. ನೀ ಹೂಂ ಅಂದ್ರ ಹೇಳ್ತೇನಿ, ಬ್ಯಾಡ ಅಂದ್ರ ಇಲ್ಲ."

"ಹೇಳಿಬಿಡ್ರಿ ಮೇಡಂರ. ನನಗ ಹೇಳಾಕ ನಾಚಿಕಿ ಆಗಿತ್ತು" ಅಂದ.

ಒಳಗೆ ಬಂದು ನಡೆದದ್ದನ್ನು ಹೇಳಿದೆ. ಹಜರತಸಾಬರು ಗಂಭೀರವಾಗಿ, ರೋಗದ ವಿವರ ಕೇಳುವವರ ಹಾಗೆ ಕೇಳಿದರು.

"ರುಮಾಲು ಎಲ್ಲೆ ಬಿತ್ತಂದ್ರಿ?"

"ಪಂಪಿನ ಮ್ಯಾಲೆ."

"ನಟ್ಟಗ?"

"ಸುತ್ತಿ ಇಟ್ಟಂಗ."

ಅವರು ಹೆಗಲ ಮೇಲಿನ ಟವೆಲ್ಲು ತೆಗೆದು ಬಾಯಿಗೆ ಒತ್ತಿಕೊಂಡರು. ದನಿ ಬರಲಿಲ್ಲ, ಭುಜ ಮಾತ್ರ ಬಹಳ ಹೊತ್ತು ಅಲುಗಾಡಿತು. ಕಣ್ಣು ಒರೆಸಿಕೊಂಡು ಹೇಳಿದರು, "ನನ್ನ ಮಗಳೂ ಹಿಂಗರಿ. ಬೆಕ್ಕು ಜಾರಿ ಬಿದ್ದರೂ ನಗತಾಳ. ಅಕಿಗೆ ನಗು ಗೊತ್ತಿದ್ದಾಂವನ ಬೇಕು."

ಎದ್ದು ಬಾಗಿಲವರೆಗೆ ಹೋದವರು ತಿರುಗಿ ನಿಂತರು. ಈಗ ಮುಖದಲ್ಲಿ ನಗು ಇರಲಿಲ್ಲ.

"ಆದ್ರ ಮೇಡಂರ, ನಗಿಲೆ ಒಲಿ ಉರಿಯಂಗಿಲ್ಲ. ಕೆಲಸ ಪಕ್ಕಾ ಆಗೂತನಕ ನಿಕಾಹ್ ನಿಲ್ಲಸ್ತೇನಿ. ಹೋತಂದ್ರ, ಈ ಮಾತು ಇಲ್ಲಿಗೇ ಬಿಟ್ಟಂಗ. ಮಗಳ ಬಾಳು ನೋಡಬೇಕಲ್ರಿ."

ವಿಚಾರಣೆ ನಡೆಸಲು ಧಾರವಾಡದಿಂದ ವಕೀಲರೊಬ್ಬರನ್ನು ಕರೆಸಿದ್ದೆವು. ಕಡಿಮೆ ಮಾತಿನ, ತೂಕದ ಮನುಷ್ಯ. ಕಾರ್ಖಾನೆಯ ಸಭಾಕೋಣೆಯಲ್ಲಿ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಇಮ್ತಿಯಾಜ್, ಅವನ ಪಕ್ಕದಲ್ಲಿ ಅವನ ಪರವಾಗಿ ಮಾತಾಡಲು ಗಂಗವ್ವ. ಅವಳನ್ನು ಕಂಡ ಕೂಡಲೇ ಸಾವಕಾರ್ರು ನೀರು ತರಿಸಿ ಕುಡಿದರು.

ಮೊದಲ ಸಾಕ್ಷಿ ಸಾವಕಾರ್ರೇ. ಇಮ್ತಿಯಾಜ್ ನಕ್ಕ ಎಂದು ಹೇಳಿದರು. ಗಂಗವ್ವ ಎದ್ದಳು.

"ಅಂವ ನಕ್ಕದ್ದು ನೀವು ಕಣ್ಣಿಲೆ ನೋಡೀರೇನ್ರಿ?"

"ಕಣ್ಣಾಗ ನೀರಿತ್ತು. ಕಿವಿಲೆ ಕೇಳೇನಿ."

"ಮತ್ಯಾರರ ನಕ್ಕದ್ದು ಕೇಳಿಸಿತೇನ್ರಿ?"

"ಇಲ್ಲ. ಅವಂದೊಂದ."

ಎರಡನೆಯ ಸಾಕ್ಷಿ ಫಕ್ಕೀರಪ್ಪ. ನಾನು ಅವನನ್ನು ಕೇಳಬೇಕಾದ್ದನ್ನು ಕೇಳಿದೆ. ಹುಡುಗ ನಕ್ಕದ್ದು ಹೌದು ಎಂದ. ಮತ್ತೆ ಗಂಗವ್ವ.

"ಅಣ್ಣಾರ, ನೀವು ನಕ್ಕಿರೇನು?"

ಫಕ್ಕೀರಪ್ಪ ಸಾವಕಾರ್ರನ್ನು ನೋಡಿದ. ಛಾವಣಿ ನೋಡಿದ. "ನಕ್ಕೆ" ಅಂದ.

"ಆರೋಪಪತ್ರ ಬಂತೇನು ನಿಮಗ?"

"ಇಲ್ಲ."

"ಯಾಕ ಬರಲಿಲ್ಲ?"

"ನಾ ಪರ್ಮನೆಂಟ್ ಅದೇನಿ."

ಬರೆಯುತ್ತಿದ್ದ ವಕೀಲರ ಪೆನ್ನು ನಿಂತಿತು.

ಗಂಗವ್ವ ಇನ್ನೂ ಕೂತಿರಲಿಲ್ಲ. "ಸಾಹೇಬ್ರ, ನಮ್ಮ ಮೇಡಂ ಅವರನ್ನೂ ಒಂದ ಮಾತು ಕೇಳಬೇಕ್ರಿ."

"ಅವರು ಸಾಕ್ಷಿ ಅಲ್ಲವಲ್ಲ" ಎಂದರು ವಕೀಲರು.

"ಆ ದಿನ ಅಲ್ಲೇ ನಿಂತಿದ್ರರಿ, ನನ್ನ ಬಾಜೂಕ."

ಅಭ್ಯಂತರವಿಲ್ಲ ಎಂದೆ.

"ಮೇಡಂರ, ನೀವು ನಕ್ಕಿರೇನ್ರಿ?"

"ನಕ್ಕೆ. ಸೆರಗು ಬಾಯಿಗಿಟ್ಟುಕೊಂಡು ನಕ್ಕೆ."

"ನೀವೂ ಪರ್ಮನೆಂಟ್ ಅದೀರಿ. ಹೌದಲ್ರಿ?"

ಹೌದು ಅನ್ನಲು ಬಾಯಿ ತೆರೆದೆ. ಆಗ ನೆನಪಾಯಿತು. ನನಗೆ ಕೊಟ್ಟದ್ದು ಗಿರಮಿಟ್. ಎಲ್ಲರ ಪತ್ರವನ್ನೂ ನಾನೇ ಬರೆಯುತ್ತಿದ್ದೆ. ನನ್ನದನ್ನು ಬರೆಯುವವರು ಯಾರೂ ಇರಲಿಲ್ಲ. ನೇಮಕದ ಪತ್ರ ಇಲ್ಲ, ಕಾಯಂ ಮಾಡಿದ ಆದೇಶವೂ ಇಲ್ಲ. ಪ್ರೊಬೇಶನ್‌ಗೆ ಇಷ್ಟೇ ಗರಿಷ್ಠ ಅವಧಿ ಎಂದು ಷರತ್ತಿದ್ದರೆ ಅದು ದಾಟಿದ ಮೇಲೆ ಕಾಯಂ ಆದಂತೆ ಎಂದು ವಾದಿಸಬಹುದು. ಷರತ್ತೇ ಇಲ್ಲದಿದ್ದರೆ, ಬರಹದಲ್ಲಿ ಕಾಯಂ ಮಾಡುವವರೆಗೆ ಕಾಯಂ ಅಲ್ಲ ಎಂದೂ ಎದುರಿನವರು ವಾದಿಸಬಹುದು. ಇದನ್ನು ನಾನೇ ಎಷ್ಟೋ ಮಂದಿಗೆ ಪಾಠ ಹೇಳಿದ್ದೆ.

"ಗೊತ್ತಿಲ್ಲ" ಎಂದೆ.

"ಏನ್ರಿ ಹಂಗಂದ್ರ?" ಸಾವಕಾರ್ರು ಕುರ್ಚಿ ಬಿಟ್ಟು ಎದ್ದರು. "ನೀವು ಪರ್ಮನೆಂಟ್ ಅಲ್ಲಂದ್ರ ಮತ್ಯಾರು?"

"ನೀವು ಬರದು ಕೊಟ್ಟಿಲ್ರಿ."

"ಇಷ್ಟ ವರ್ಷ ನೀವು ಪ್ರೊಬೇಶನ್ನಾಗ ಇದ್ದು ನಮ್ಮನ್ನೆಲ್ಲಾ ಬೈದೀರೇನ್ರಿ?"

ಮೊದಲು ನಕ್ಕವರು ವಕೀಲರು. ತೂಕದ ಮನುಷ್ಯ ಅಂದೆನಲ್ಲ, ಆ ತೂಕವೆಲ್ಲ ಅಲುಗಾಡಿತು. ಆಮೇಲೆ ಗಂಗವ್ವ, ಫಕ್ಕೀರಪ್ಪ, ನಾನು. ಕೊನೆಗೆ ಸಾವಕಾರ್ರಿಗೂ ತಡೆಯಲಾಗಲಿಲ್ಲ. ಮೇಜು ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತ ಅವರ ಕಣ್ಣು ಇಮ್ತಿಯಾಜನ ಮೇಲೆ ಹೋಯಿತು. ಅವನು ತೊಡೆಯ ಮೇಲೆ ಎರಡೂ ಕೈ ಇಟ್ಟು, ಸಾಲೆಯಲ್ಲಿ ಕೂತ ಹಾಗೆ ಕೂತಿದ್ದ. ಮುಖದ ಒಂದು ಗೆರೆಯೂ ಅಲುಗಿರಲಿಲ್ಲ. ಹಣೆಯ ಮೇಲೆ ಬೆವರಿತ್ತು.

"ಯಾಕೋ ತಮ್ಮಾ," ಎಂದರು ಸಾವಕಾರ್ರು, "ಎಲ್ಲಾರೂ ನಗಾಕತ್ತೇವಿ. ನೀ ಯಾಕ ನಗವಲ್ಲಿ?"

"ವಿಚಾರಣಿ ನಡದೈತ್ರಿ ಸಾವಕಾರ್ರ" ಅಂದ ಇಮ್ತಿಯಾಜ್.

ಅದರಲ್ಲಿ ವ್ಯಂಗ್ಯ ಇರಲಿಲ್ಲ. ಹುಡುಗ ನಿಜವಾಗಿಯೂ ಅಂಜಿದ್ದ. ಸಾವಕಾರ್ರು ಮೆಲ್ಲಗೆ ಕುರ್ಚಿಯಲ್ಲಿ ಕೂತರು. ಬಹಳ ಹೊತ್ತು ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದರು. ಆಮೇಲೆ ವಕೀಲರತ್ತ ತಿರುಗಿದರು.

"ಬರಕೊಳ್ರಿ. ಮಾಲಕರು ಆರೋಪ ವಾಪಸ್ ತಗೊಂಡ್ರು."

"ಕಾರಣ ಏನೆಂದು ಬರೆಯಲಿ?"

"ಖರೇ ಏನೈತಿ ಅದನ್ನ ಬರೀರಿ. ಆ ಹೊತ್ತಿನ್ಯಾಗ ನಗೂಹಂಗ ಇತ್ತು ಅಂತ."

ಇಮ್ತಿಯಾಜ್ ಮರುದಿನ ಕೆಲಸಕ್ಕೆ ಬಂದ. ಅಮಾನತಿನ ದಿನಗಳ ಪೂರ್ತಿ ಪಗಾರ ಕೊಡಿಸಿದೆ. ಆ ದಿನಗಳ ನೆಪ ಹೇಳಿ ಪ್ರೊಬೇಶನ್ ಹಿಗ್ಗಿಸಬಾರದು ಎಂದು ಟಿಪ್ಪಣಿಯನ್ನೂ ಇಟ್ಟೆ. ಅಂದು ಸಂಜೆ ಸಾವಕಾರ್ರು ನನ್ನನ್ನು ಕರೆದರು.

"ಅಂಜಿಕಿ ಇದ್ದಲ್ಲೆ ಕೆಲಸ ಛಲೋ ಆಗತೈತಿ ಅಂತ ನಮ್ಮಪ್ಪ ಹೇಳ್ತಿದ್ರು. ಆ ಹುಡುಗನ ಮಾರಿ ನೋಡಿದ ಮ್ಯಾಲೆ ಯಾಕೋ ಅನ್ನ ಇಳೀಲಿಲ್ರಿ." ಪೆನ್ನು ಕೈಗೆತ್ತಿಕೊಂಡು ಹೇಳಿದರು, "ನಿಮ್ಮ ಆರ್ಡರ್ ಟೈಪ್ ಮಾಡಿಸಿ ತರ್ರಿ, ಸಹಿ ಮಾಡ್ತೇನಿ. ಅವಂದೂ ತರ್ರಿ."

"ನಂದು ತರ್ತೇನ್ರಿ. ಅವಂದು ಬ್ಯಾಡ."

"ಯಾಕ್ರಿ?"

"ಕನಿಕರಕ್ಕ ಕಾಯಂ ಮಾಡಿದ್ರ ನಾಳೆ ಸಿಟ್ಟಿಗೆ ತಗೀತೀರಿ. ಅವನ ವರ್ಷ ಮುಗೀಲಿ. ಫಕ್ಕೀರಪ್ಪ ಏನ ಬರೀತಾನ, ಅದರ ಮ್ಯಾಲೆ ಆಗಲಿ."

ನನ್ನ ಆದೇಶಕ್ಕೆ ಅಂದೇ ಸಹಿ ಬಿತ್ತು. ಎಷ್ಟೋ ವರ್ಷ ಊರಿಗೆಲ್ಲ ಪತ್ರ ಬರೆದವಳು ನನ್ನ ಪತ್ರವನ್ನು ಮನೆಗೆ ಒಯ್ದು ಯಜಮಾನರಿಗೆ ಓದಿ ತೋರಿಸಿದೆ. ಇಮ್ತಿಯಾಜನ ವರ್ಷವೂ ಮುಗಿಯಿತು. ಫಕ್ಕೀರಪ್ಪ ಈ ಸಲ ವರದಿಯಲ್ಲಿ ಎರಡು ಶಬ್ದ ಬರೆದ: 'ಭಾಳ ಛಲೋ'. ಅವನ ಮಟ್ಟಿಗೆ ಅದು ಪುಸ್ತಕವೇ ಸರಿ. ಹುಡುಗ ಕಾಯಂ ಆದ.

ಆ ವರ್ಷದಿಂದ ನಮ್ಮಲ್ಲಿ ಪ್ರೊಬೇಶನ್ ಎಷ್ಟರವರೆಗೆ ಎಂಬ ಗಡಿ ಪತ್ರದಲ್ಲೇ ಇರತೊಡಗಿತು. ಕೊರತೆ ಇದ್ದರೆ ಕೆಲಸಗಾರನನ್ನು ಕೂಡಿಸಿಕೊಂಡು ಹೇಳಿ, ತಿದ್ದಿಕೊಳ್ಳಲು ಸಮಯ ಕೊಡುವ ರೂಢಿ ಬಂತು. ಈಗಂತೂ ಕಾಯ್ದೆಗಳೇ ಬದಲಾಗಿವೆ. ನೇಮಕಾತಿ ಪತ್ರ ಎಲ್ಲರಿಗೂ ಕೊಡಲೇಬೇಕು. ಅದು ಫೋನಿಗೇ ಬರುತ್ತದೆ, ಬೆರಳಿನಿಂದ ಒತ್ತಿದರೆ ಒಪ್ಪಿಗೆ. ಒತ್ತುವ ಮೊದಲು ಓದಿ ಎಂದು ಮನೆಗೆ ಬರುವ ಹುಡುಗರಿಗೆ ಹೇಳುತ್ತೇನೆ. ಪತ್ರ ಕೊಡುವ ಕುರ್ಚಿಯಲ್ಲಿ ಕೂತವರಿಗೆ ಹೇಳುವುದು ಇಷ್ಟು: ಪ್ರೊಬೇಶನ್‌ನಲ್ಲಿ ಇರುವವರಿಗೂ ಪಗಾರ, ಪಿ.ಎಫ್., ವಾರದ ರಜೆ, ಪೆಟ್ಟಾದರೆ ಪರಿಹಾರ, ಬಸುರಿಯಾದರೆ ಹೆರಿಗೆಯ ಸೌಲಭ್ಯ, ಎಲ್ಲವೂ ಕಾಯ್ದೆ ಹೇಳಿದಂತೆ ಇವೆ. ಅವರ ಕೆಲಸವನ್ನು ಪರೀಕ್ಷೆ ಮಾಡಿ. ಮಾನವನ್ನು ಮುಟ್ಟಬೇಡಿ.

ನಿಕಾಹ್ ಕೆಲಗೇರಿಯಲ್ಲಿ ಆಯಿತು. ಸಾವಕಾರ್ರು ಹೆಂಡತಿಯ ಜೊತೆಗೆ ಬಂದಿದ್ದರು. ಹಜರತಸಾಬರು ಸ್ವತಃ ಹೊಲಿದ ಹೊಸ ಗಾದಿಯ ಮೇಲೆ ಅವರನ್ನು ಕೂಡಿಸಿ ಪಕ್ಕದಲ್ಲಿ ತಾವೂ ಕೂತರು. ಊಟ ಮುಗಿದು ಮಂದಿ ಕರಗುತ್ತಿದ್ದರು. ಮಗಳನ್ನು ಕಳಿಸುವ ಹೊತ್ತು ಹತ್ತಿರ ಬಂದಿತ್ತು, ಹಜರತಸಾಬರು ಸಾವಕಾರ್ರ ಕಡೆ ತಿರುಗಿದರು.

"ಸಾವಕಾರ್ರ, ನೀವು ಒಂದ ವರ್ಷ ನೋಡಿ ಆಮ್ಯಾಲೆ ಪಕ್ಕಾ ಮಾಡ್ತೀರಿ. ನಾವು ಹಡದ ಮಗಳ್ನ ಒಂದ ಹೊತ್ತಿನ್ಯಾಗ ಕೊಟ್ಟಬಿಡ್ತೇವಿ. ಅಳ್ಯಾರಿಗೂ ಒಂದೀಟು ಪ್ರೊಬೇಶನ್ ಇರಬೇಕಾಗಿತ್ತರಿ."

ಸಾವಕಾರ್ರು ಅವರ ಕೈ ಹಿಡಿದು, ದನಿ ತಗ್ಗಿಸಿ ಹೇಳಿದರು, "ಐತ್ರಿ ಸಾಬ್ರ. ಯಾರು ಇಲ್ಲಂದ್ರು? ನಮ್ಮ ಮಾವ ತೀರಿಕೊಂಡ ಎಷ್ಟೋ ವರ್ಷ ಆತು. ನನಗ ಇನ್ನೂ ಆರ್ಡರ್ ಬಂದಿಲ್ಲ."

ಹೊರಡೋಣವೆಂದು ಕರೆಯಲು ಬಂದ ಅವರ ಹೆಂಡತಿ ಹಿಂದೆಯೇ ನಿಂತಿದ್ದರು.

"ನಿಮ್ಮ ಹೆಸರು ಯಾದಿಯೊಳಗ ಐತ್ರಿ," ಎಂದರು ಆಕೆ. "ಮುಂದಿನ ವರ್ಷ ನೋಡೂಣು."